ಉಪ್ಪಿನ ಗೋದಾಮಿನ ಬಗ್ಗೆ ಸಮಸಮ ಭಿನ್ನಾಭಿಪ್ರಾಯ

ಶ್ರೇಷ್ಠ ಕಾದಂಬರಿಯ ಬಗ್ಗೆ ಓದುಗರಲ್ಲಿ ಭಿನ್ನಾಭಿಪ್ರಾಯ ಇರತಕ್ಕದ್ದು. ಆ ಭಿನ್ನಾಭಿಪ್ರಾಯ ಎರಡೂ ಕಡೆ ಸಮಸಮನಾಗಿ ಇರತಕ್ಕದ್ದು. ಇದು ಪಠ್ಯಪುಸ್ತಕ ಇಲಾಖೆಯ ಹದಿನಾಲ್ಕನೆಯ ನಿಯಮ. ಈ ನಿಯಮ ಬರುವುದಕ್ಕೆ ಮುಂಚೆ ಜನ ತಮಗೆ ತೋಚಿದಂತೆ ಪುಸ್ತಕಗಳನ್ನು ಮೆಚ್ಚುತ್ತಿದ್ದರು, ತೋಚಿದಂತೆ ಬೈಯುತ್ತಿದ್ದರು, ಯಾವುದಕ್ಕೂ ಹೇಳುವವರು ಕೇಳುವವರು ಇರಲಿಲ್ಲ.

ನಿಯಮ ಜಾರಿಗೆ ಬಂದ ವರ್ಷವೇ ಮೇಷ್ಟ್ರ ಶಾಲೆಗೆ ಸುತ್ತೋಲೆ ಬಂತು. ಮೇಷ್ಟ್ರು ಹತ್ತನೆಯ ತರಗತಿಗೆ ಭಾಷೆ ಕಲಿಸುತ್ತಿದ್ದರು. ಇಪ್ಪತ್ತೇಳು ವರ್ಷಗಳಿಂದ ಒಂದೇ ಕಾದಂಬರಿ, 'ಉಪ್ಪಿನ ಗೋದಾಮು'. ಊರಾಚೆ ಒಂದು ದೊಡ್ಡ ಗೋದಾಮು, ಅದರ ಮುಂದೆ ಒಬ್ಬ ಕಾವಲುಗಾರ, ಅವನು ಬಾಗಿಲು ಕಾಯುತ್ತಾನೆ. ಕತೆ ಇಷ್ಟೇ. ಆದರೆ ಅವನು ಕಾಯುವ ರೀತಿ ಮೇಷ್ಟ್ರಿಗೆ ಪ್ರಾಣ. ಕೆಲಸಕ್ಕೆ ಸೇರಿದ ವಾರ ಕೊಂಡ ಪ್ರತಿಯೇ ಈಗಲೂ ಅವರ ಕೈಯಲ್ಲಿತ್ತು. ಅದಕ್ಕೆ ಪ್ರತಿವರ್ಷ ಶಾಲೆ ಶುರುವಾಗುವ ಮುಂಚೆ ಅವರ ಹೆಂಡತಿ ಹೊಸ ಕಂದು ಕಾಗದದ ಹೊದಿಕೆ ಹಾಕುತ್ತಿದ್ದರು. ಈಗಿನ ಹೊದಿಕೆಗೆ ಮೂರು ವರ್ಷ ಆಗಿತ್ತು.

ಸುತ್ತೋಲೆ ಹೀಗಿತ್ತು:

'ಸದರಿ ಕಾದಂಬರಿಯ ಬಗ್ಗೆ ಇಲಾಖೆಗೆ ಎರಡು ಪತ್ರಗಳು ಬಂದಿದ್ದು, ಒಂದರಲ್ಲಿ ಅದು ಅಮೂಲ್ಯವೆಂದೂ ಇನ್ನೊಂದರಲ್ಲಿ ಅದನ್ನು ಓದಿ ತಮ್ಮ ಮಗನಿಗೆ ತರಗತಿಯಲ್ಲೇ ನಿದ್ದೆ ಹತ್ತುತ್ತಿದೆಯೆಂದೂ ತಿಳಿಸಿರುವುದರಿಂದ, ಮೇಲ್ನೋಟಕ್ಕೆ ಕೃತಿಯು ಶ್ರೇಷ್ಠವೆಂದೇ ಕಂಡುಬರುತ್ತದೆ. ಆದಾಗ್ಯೂ, ಮಾದರಿ ಪರೀಕ್ಷೆಗೆ ತಮ್ಮ ಶಾಲೆಯನ್ನು ಆರಿಸಲಾಗಿದೆ. ತರಗತಿಯಲ್ಲಿ ಅರ್ಧ ಮಂದಿ ಕೃತಿಯನ್ನು ಮೆಚ್ಚಿರುವುದನ್ನೂ ಅರ್ಧ ಮಂದಿ ಮೆಚ್ಚದಿರುವುದನ್ನೂ ತೋರಿಸುವ ಅಭಿಪ್ರಾಯ ವಹಿಯನ್ನು ಹದಿನೈದು ದಿನಗಳೊಳಗೆ ಸಲ್ಲಿಸತಕ್ಕದ್ದು. ಒಂದು ತಲೆ ಹೆಚ್ಚುಕಡಿಮೆಯಾದರೂ ಕಾದಂಬರಿಯನ್ನು ಹಿಂದಕ್ಕೆ ಪಡೆದು, ಅದರ ಜಾಗದಲ್ಲಿ "ನಮ್ಮ ಚರಂಡಿ, ನಮ್ಮ ಹೊಣೆ" ಎಂಬ ಗದ್ಯವನ್ನು ಅಳವಡಿಸಲಾಗುವುದು.'

ಚರಂಡಿಯ ಗದ್ಯವನ್ನು ಇಲಾಖೆಯ ಹನ್ನೊಂದು ಜನ ಸೇರಿ ಬರೆದಿದ್ದರು. ಮೇಷ್ಟ್ರು ಅದನ್ನು ತರಿಸಿಕೊಂಡು ಒಂದು ಸಂಜೆ ಪೂರ್ತಿ ಕೂತು ಓದಿದರು. ಅದರಲ್ಲಿ ಯಾರೂ ಯಾರಿಗೂ ಕಾಯುತ್ತಿರಲಿಲ್ಲ. ಮಾರನೆಯ ದಿನ ಮುಖ್ಯೋಪಾಧ್ಯಾಯಿನಿಯವರ ಕೋಣೆಗೆ ಹೋಗಿ, ಏನಾದರಾಗಲಿ ಗೋದಾಮು ಉಳಿಸಿಕೊಡಬೇಕು ಎಂದು ಕೇಳಿಕೊಂಡರು. ಇಪ್ಪತ್ತೇಳು ವರ್ಷಗಳಲ್ಲಿ ಅವರು ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಅದೇ ಮೊದಲು. ಶಾಲೆಯವರೆಲ್ಲ ದೊಡ್ಡ ಮೇಡಂ ಎಂದು ಕರೆಯುತ್ತಿದ್ದ ಆ ಮುಖ್ಯೋಪಾಧ್ಯಾಯಿನಿಗೆ ಇದರಿಂದ ಗಾಬರಿಯಾಗಿ, ಅವರು ಮೇಷ್ಟ್ರಿಗೆ ಕುರ್ಚಿ ತೋರಿಸಿದರು.

"ಉಳಿಸೋಣ ಬಿಡಿ ಮೇಷ್ಟ್ರೇ. ಅರ್ಧ ಅರ್ಧ ಮಾಡೋದೇನು ಮಹಾ ಕಷ್ಟ? ಹಾಜರಿ ಪುಸ್ತಕ ತಗೊಳ್ಳಿ. ಬೆಸ ನಂಬರಿನೋರು ಮೆಚ್ಚಿದಾರೆ, ಸಮ ನಂಬರಿನೋರು ಮೆಚ್ಚಿಲ್ಲ. ಆಯ್ತಲ್ಲ?"

"ಮಕ್ಕಳನ್ನ ಒಂದು ಮಾತು ಕೇಳೋದು ಬೇಡ್ವಾ ಮೇಡಂ?"

"ಕೇಳಿದ್ರೆ ಒಬ್ಬೊಬ್ರು ಒಂದೊಂದು ಹೇಳ್ತಾರೆ," ಎಂದರು ದೊಡ್ಡ ಮೇಡಂ.

ಅಭಿಪ್ರಾಯಗಳ ಹಂಚಿಕೆ ಸೋಮವಾರ ಮೂರನೆಯ ಪೀರಿಯಡ್ಡಿನಲ್ಲಿ ಶಾಂತವಾಗಿ ನಡೆಯಿತು. ಕಿಟಕಿಯ ಕಡೆ ಮೆಚ್ಚಿದವರು, ಗೋಡೆಯ ಕಡೆ ಮೆಚ್ಚದವರು. ಫ್ಯಾನು ಕಿಟಕಿಯ ಕಡೆ ಇದ್ದುದರಿಂದ ಕೆಲವರು ಕಾದಂಬರಿಯನ್ನು ಬಹಳವೇ ಮೆಚ್ಚಿರುವುದಾಗಿ ವಾದಿಸಿದರು. ಮೇಷ್ಟ್ರು ಹಾಜರಿ ಪುಸ್ತಕ ತೋರಿಸಿ ಸುಮ್ಮನಾಗಿಸಿದರು. ಅವಳಿ ಜವಳಿ ಹುಡುಗರಿಬ್ಬರಿಗೆ ಒಂದರ ಹಿಂದೊಂದು ನಂಬರಿದ್ದುದರಿಂದ ಒಬ್ಬನು ಮೆಚ್ಚಿದ, ಇನ್ನೊಬ್ಬ ಮೆಚ್ಚಲಿಲ್ಲ. ಎರಡೇ ದಿನದಲ್ಲಿ ಅವರ ತಾಯಿ ಬಂದು, ಮನೆಯಲ್ಲಿ ಇಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗಲು ಒಪ್ಪುತ್ತಿಲ್ಲ, ದಿಂಬಿನ ಸಾಲು ಇಟ್ಟುಕೊಂಡಿದ್ದಾರೆ, ಇದಕ್ಕೆ ಶಾಲೆಯೇ ಹೊಣೆ ಎಂದರು. ದೊಡ್ಡ ಮೇಡಂ ಆಕೆಯನ್ನು ಅಭಿನಂದಿಸಿದರು. ಸಾಹಿತ್ಯ ಮನೆಯೊಳಕ್ಕೆ ಬರುವುದೆಂದರೆ ಇದೇ ಎಂದರು.

ಬೇಕರಿಯವನ ಗಲಾಟೆ ಇದಕ್ಕಿಂತ ದೊಡ್ಡದು. ಅವನ ಮಗಳ ನಂಬರು ಹನ್ನೆರಡು. ತಮ್ಮ ವಂಶದಲ್ಲೇ ಯಾರೂ ಯಾವುದನ್ನೂ ಚೆನ್ನಾಗಿಲ್ಲ ಅಂದವರಲ್ಲ, ಗಿರಾಕಿಗಳ ಕಿವಿಗೆ ಈ ಸುದ್ದಿ ಬಿದ್ದರೆ ಏನಂದುಕೊಳ್ಳುತ್ತಾರೆ, ಮಗಳನ್ನು ಕೂಡಲೇ ಮೆಚ್ಚಿದವರ ಕಡೆ ಕೂರಿಸಬೇಕು ಎಂದು ಅವನು ಆಫೀಸಿನಲ್ಲಿ ಕೂತುಬಿಟ್ಟ. ಶಾಲೆಯ ಗುಮಾಸ್ತರು ಅವನಿಗೆ ಅಭಿಪ್ರಾಯ ಬದಲಾವಣೆಯ ಅರ್ಜಿ ಕೊಟ್ಟರು. ಈ ಗುಮಾಸ್ತರು ಏನೇ ಕೇಳಿದರೂ ಮೂರು ಪ್ರತಿಯಲ್ಲಿ ಕೇಳುತ್ತಿದ್ದುದರಿಂದ ಅವರಿಗೆ ಮೂರು ಪ್ರತಿ ಎಂದೇ ಹೆಸರು. ಅರ್ಜಿಗೆ ವೈದ್ಯರ ಪ್ರಮಾಣಪತ್ರ ಬೇಕಿತ್ತು. ವೈದ್ಯರು ಹುಡುಗಿಯ ನಾಲಿಗೆ ನೋಡಿ, ಅಭಿಪ್ರಾಯ ಬದಲಾಯಿಸಲು ದೇಹಸ್ಥಿತಿ ಅನುಕೂಲವಾಗಿದೆ ಎಂದು ಬರೆದುಕೊಟ್ಟರು. ಮೆಚ್ಚಿದವರ ಕಡೆಯಿಂದ ಒಬ್ಬ ಹುಡುಗ ಕ್ರಿಕೆಟ್ ಬ್ಯಾಟಿನ ಆಸೆಗೆ ಗೋಡೆಯ ಕಡೆ ಹೋಗಲು ಒಪ್ಪಿದ. ಹೀಗೆ ಅದೂ ಸರಿಹೋಯಿತು.

ಆದರೆ ವಹಿಯಲ್ಲಿ ಪ್ರತಿ ಹೆಸರಿನ ಮುಂದೆ ಮೂರು ಕಾರಣ ಬರೆಯಬೇಕೆಂಬ ಕಲಂ ಇತ್ತು. ಮಕ್ಕಳ ಬಳಿ ಕಾರಣಗಳಿರಲಿಲ್ಲ. ಅವರು ಪರೀಕ್ಷೆಗೆಂದು ಪ್ರಶ್ನೋತ್ತರದ ಕೈಪಿಡಿ ಓದಿದ್ದರೇ ಹೊರತು ಕಾದಂಬರಿ ತೆರೆದಿರಲಿಲ್ಲ. ಕೈಪಿಡಿ ಮೂವತ್ತೆರಡು ಪುಟ, ಕಾದಂಬರಿ ನಾನೂರ ಹನ್ನೆರಡು. ಇದರಲ್ಲಿ ಅವರ ತಪ್ಪೇನೂ ಇಲ್ಲ. ಆದ್ದರಿಂದ ಮೇಷ್ಟ್ರೇ ಎರಡೂ ಕಡೆಗೆ ಕಾರಣಗಳನ್ನು ಹೇಳಿ ಬರೆಸಬೇಕಾಯಿತು.

ಮೆಚ್ಚಿದವರ ಕಾರಣಗಳು ಅವರಿಗೆ ಬಾಯಿಪಾಠವಾಗಿದ್ದವು: ಭಾಷೆ ಸರಳವಾಗಿದೆ, ಪಾತ್ರಚಿತ್ರಣ ಸಹಜವಾಗಿದೆ, ಸಂದೇಶ ಉನ್ನತವಾಗಿದೆ. ಹೇಳಿ ಮುಗಿಸಲು ಅರ್ಧ ನಿಮಿಷ ಸಾಕಾಯಿತು. ಮೆಚ್ಚದವರ ಕಡೆ ತಿರುಗಿದಾಗ ಅವರಿಗೆ ಏನೂ ಹೊಳೆಯಲಿಲ್ಲ. ಸ್ವಲ್ಪ ಹೊತ್ತು ಕರಿಹಲಗೆ ಒರೆಸಿದರು. ಬಳಿಕ, ಯಾವುದನ್ನೂ ಅರ್ಧಂಬರ್ಧ ಮಾಡುವ ಅಭ್ಯಾಸವಿಲ್ಲದ ಕಾರಣ, ಬಹಳ ಯೋಚಿಸಿ ಹೇಳತೊಡಗಿದರು. ಎಪ್ಪತ್ತು ಪುಟ ಕಳೆದರೂ ಕಾವಲುಗಾರ ಸ್ಟೂಲಿನಿಂದ ಏಳುವುದಿಲ್ಲ. ಅವನ ಹೆಂಡತಿ ಊಟ ತರುತ್ತಾಳೆ, ಪಾತ್ರೆ ತೆಗೆದುಕೊಂಡು ಹೋಗುತ್ತಾಳೆ, ಅವಳ ಹೆಸರೇನೆಂದು ಲೇಖಕರಿಗಾಗಲಿ ಕಾವಲುಗಾರನಿಗಾಗಲಿ ಕೇಳಬೇಕೆನಿಸಲಿಲ್ಲ. ಇನ್ನೂರ ಮೂವತ್ತನೆಯ ಪುಟದಿಂದ ಗಾಳಿಯನ್ನು ಐದು ಪುಟ ವರ್ಣಿಸಿದ್ದಾರೆ, ಕೊನೆಗೂ ಅದು ಯಾವ ಕಡೆಯಿಂದ ಬೀಸಿತೆಂದು ಹೇಳಿಲ್ಲ. ಹೀಗೆ ಹೇಳುತ್ತಾ ಹೇಳುತ್ತಾ ಗಂಟೆ ಹೊಡೆದದ್ದೂ ಅವರಿಗೆ ಗೊತ್ತಾಗಲಿಲ್ಲ. ಮಕ್ಕಳು ಮೊದಲ ಸಲ ಬಾಯಿ ತೆರೆದುಕೊಂಡು ಕೇಳಿದರು. ಮಾರನೆಯ ದಿನ ಕಿಟಕಿಯ ಕಡೆಯಿಂದ ಹದಿನಾಲ್ಕು ಜನ, ಫ್ಯಾನು ಬೇಡ, ಗೋಡೆಯ ಕಡೆ ಕಳಿಸಿ ಎಂದು ಅರ್ಜಿ ಹಾಕಿದರು. ಮೂರು ಪ್ರತಿ ಎಲ್ಲ ಅರ್ಜಿಗಳನ್ನೂ ಸ್ವೀಕರಿಸಿ, ಎಲ್ಲವನ್ನೂ ತಿರಸ್ಕರಿಸಿದರು.

ನಿಜವಾದ ತೊಡಕು ಹನ್ನೆರಡನೆಯ ದಿನ, ವಹಿ ಕೂಡಿಸುವಾಗ ಬಂತು. ತರಗತಿಯಲ್ಲಿ ನಲವತ್ತಮೂರು ಜನ. ಇಪ್ಪತ್ತೆರಡು ಮಂದಿ ಮೆಚ್ಚಿದ್ದರು, ಇಪ್ಪತ್ತೊಂದು ಮಂದಿ ಮೆಚ್ಚಿರಲಿಲ್ಲ. ಮೇಷ್ಟ್ರು, ದೊಡ್ಡ ಮೇಡಂ, ಮೂರು ಪ್ರತಿ, ಮೂವರೂ ಬೇರೆ ಬೇರೆಯಾಗಿ ಕೂಡಿ ನೋಡಿದರು. ಗಣಿತದ ಟೀಚರನ್ನೂ ಕರೆಸಿದರು. ಆಕೆ ಎರಡು ಸಲ ಭಾಗಿಸಿ, ಇದು ತಮ್ಮ ವಿಷಯದ ವ್ಯಾಪ್ತಿಗೆ ಬರುವುದಿಲ್ಲ ಎಂದು ಹೇಳಿ ಹೋದರು.

ಒಂದು ತಲೆ ಹೆಚ್ಚಾಗಿತ್ತು. ಅದು ಕೊನೆಯ ನಂಬರಿನ ತಲೆ, ದರ್ಜಿಯ ಮಗಳದು. ಹಿಂದಿನ ಬೆಂಚಿನಲ್ಲಿ ಕೂತು ಹೆಚ್ಚು ಮಾತಾಡದ ಹುಡುಗಿ. ದೊಡ್ಡ ಮೇಡಂ ಅವಳನ್ನು ಬೆಳಗ್ಗೆ ಒಂದು ಕಡೆ, ಮಧ್ಯಾಹ್ನ ಇನ್ನೊಂದು ಕಡೆ ಕೂರಿಸಬಹುದೇ ಎಂದು ಕೇಳಿದರು. ಅರ್ಧ ತಲೆ ಬರೆಯಲು ವಹಿಯಲ್ಲಿ ಜಾಗ ಸಾಲದು ಎಂದರು ಮೂರು ಪ್ರತಿ. ಅವಳಿಗೆ ವರ್ಗಾವಣೆ ಪತ್ರ ಕೊಟ್ಟು ಬೇರೆ ಶಾಲೆಗೆ ಕಳಿಸುವುದು ಸುಲಭ ಎಂಬುದು ಅವರ ಸಲಹೆ. ಮೇಷ್ಟ್ರು ಅದಕ್ಕೆ ಒಪ್ಪಲಿಲ್ಲ. ಮೊದಲು ಹುಡುಗಿಯನ್ನೇ ಕರೆಸಿ ಮಾತಾಡೋಣ ಎಂದರು. ಅವಳು ಬಂದು ಬಾಗಿಲ ಬಳಿ ನಿಂತಳು.

"ನೋಡಮ್ಮ, ನಿನಗೆ 'ಉಪ್ಪಿನ ಗೋದಾಮು' ಹೇಗನ್ನಿಸ್ತು?" ದೊಡ್ಡ ಮೇಡಂ ಮೃದುವಾಗಿ ಕೇಳಿದರು. "ಹೆದರ್ಕೋಬೇಡ. ನಿನಗನ್ನಿಸಿದ್ದು ಹೇಳಬೇಕು ಅಂತೇನಿಲ್ಲ."

"ಮೊದಮೊದಲು ಬೇಜಾರಾಯ್ತು ಮೇಡಂ. ಆಮೇಲೆ ಬಿಡೋಕೆ ಆಗ್ಲಿಲ್ಲ. ಕೊನೇಲಿ ಎಲ್ಲಿಲ್ಲದ ಸಿಟ್ಟು ಬಂತು. ಆದ್ರೂ ಇನ್ನೊಂದು ಸಲ ಓದಿದೆ."

ಮೂರು ಪ್ರತಿ ಪೆನ್ನಿನ ಮುಚ್ಚಳ ಹಾಕಿದರು.

"ಓದಿದೆಯಾ?" ದೊಡ್ಡ ಮೇಡಂ ಕೇಳಿದರು. "ಪುಸ್ತಕಾನಾ?"

"ಹೂಂ ಮೇಡಂ."

"ಮನೇಲಿ ಗೊತ್ತಾ?"

"ಅಪ್ಪಂಗೆ ಗೊತ್ತು. ಬೇರೆ ಯಾರಿಗೂ ಹೇಳಿಲ್ಲ."

ಮೇಷ್ಟ್ರ ಕಣ್ಣು ಯಾಕೋ ಮಂಜಾಯಿತು. ಇಪ್ಪತ್ತೇಳು ವರ್ಷಗಳಲ್ಲಿ ಸುಮಾರು ಸಾವಿರದ ಇನ್ನೂರು ಮಕ್ಕಳಿಗೆ ಕಲಿಸಿದ್ದರು. ಇದೊಂದು ಮಾತಿಗೆ ಕಾದಿದ್ದೆ ಎಂದು ಅವರಿಗೇ ಈಗ ತಿಳಿಯಿತು. ಅವಳನ್ನು ಕುಳ್ಳಿರಿಸಿ ಪುಟಪುಟವಾಗಿ ಕೇಳಬೇಕೆನಿಸಿತು. ಆದರೆ ಅಷ್ಟರಲ್ಲಿ ಮೂರು ಪ್ರತಿ ಕಪಾಟಿನಿಂದ ನಿಯಮಗಳ ಪುಸ್ತಕ ಇಳಿಸಿ, ಉಗುಳು ಹಚ್ಚಿ ಪುಟ ತಿರುವಿ, ಇಪ್ಪತ್ತೆರಡನೆಯ ನಿಯಮದ ಮೇಲೆ ಬೆರಳಿಟ್ಟಿದ್ದರು.

'ಕೃತಿಯನ್ನು ಓದಿದವರ ಅಭಿಪ್ರಾಯವು ಕೃತಿಯ ಪ್ರಭಾವಕ್ಕೆ ಒಳಗಾಗಿರುವ ಸಂಭವವಿರುವುದರಿಂದ, ಅದನ್ನು ಪರಿಗಣಿಸತಕ್ಕದ್ದಲ್ಲ. ಅಂಥವರ ಹೆಸರನ್ನು ವಹಿಯಿಂದ ಕೈಬಿಡತಕ್ಕದ್ದು.'

"ಕೈಬಿಟ್ರೆ ನಲವತ್ತೆರಡು," ಎಂದರು ದೊಡ್ಡ ಮೇಡಂ. ಅವರ ಮುಖ ಅರಳಿತು. "ಇಪ್ಪತ್ತೊಂದು, ಇಪ್ಪತ್ತೊಂದು. ನಮ್ಮನ್ನ ಉಳಿಸಿದೆ ಕಣೇ ಮಗಳೇ. ಹೋಗು, ಕ್ಲಾಸಿಗೆ ಹೋಗು."

ಹುಡುಗಿ ಹೋದಳು. ದೊಡ್ಡ ಮೇಡಂ ಟೀ ತರಿಸಿದರು. ಮೂರು ಪ್ರತಿ ಮಾತ್ರ ಟೀ ಮುಟ್ಟದೆ ಪುಟದ ಕೆಳಗಿನ ಸಣ್ಣಕ್ಷರ ಓದುತ್ತಿದ್ದರು. ಇಪ್ಪತ್ತೆರಡನೆಯ ನಿಯಮಕ್ಕೆ ಒಂದು ಉಪನಿಯಮವಿತ್ತು. ತರಗತಿಯಲ್ಲಿ ಓದಿದವರು ಒಬ್ಬರು ಪತ್ತೆಯಾದರೆ, ಅದು ಶಿಕ್ಷಕರಿಂದ ಹರಡಿದ್ದಲ್ಲವೆಂದು ಖಚಿತಪಡಿಸಬೇಕು. ಅದಕ್ಕಾಗಿ ಶಿಕ್ಷಕರು 'ನಾನು ಸದರಿ ಕೃತಿಯನ್ನು ಪೂರ್ತಿಯಾಗಿ ಓದಿರುವುದಿಲ್ಲ' ಎಂದು ಸ್ವಹಸ್ತದಲ್ಲಿ ಬರೆದು ಸಹಿ ಮಾಡಬೇಕು. ಮಾಡದಿದ್ದರೆ ಇಡೀ ತರಗತಿಯ ಅಭಿಪ್ರಾಯ ಕೆಟ್ಟಿದೆ ಎಂದು ಭಾವಿಸಿ ಕೃತಿಯನ್ನು ಹಿಂದಕ್ಕೆ ಪಡೆಯಲಾಗುವುದು.

ಮೇಷ್ಟ್ರು ಲೋಟ ಕೆಳಗಿಟ್ಟರು. "ಅದೊಂದು ನನ್ನಿಂದ ಆಗಲ್ಲ."

"ಒಂದು ಸಾಲು ಕಣ್ರೀ."

"ಸುಳ್ಳಲ್ವಾ ಮೇಡಂ? ನನ್ನ ಜೀವಮಾನದಲ್ಲಿ ನಾನು ಓದಿದೀನಿ ಅಂತ ಎದೆ ತಟ್ಟಿ ಹೇಳಬಹುದಾದ್ದು ಅದೊಂದೇ."

"ಅದನ್ನ ಉಳಿಸೋಕೇ ತಾನೇ ಹೇಳ್ತಿರೋದು? ಯೋಚನೆ ಮಾಡಿ. ಇನ್ನು ಮೂರು ದಿನ ಇದೆ. ಆಮೇಲೆ ಚರಂಡಿ."

ಎರಡು ದಿನ ಮೇಷ್ಟ್ರಿಗೆ ಊಟ ಸೇರಲಿಲ್ಲ. ಸಹಿ ಮಾಡಿದರೆ ಪುಸ್ತಕ ಉಳಿಯುತ್ತದೆ, ತಾನು ಅದನ್ನು ಓದಿದವನಾಗಿ ಉಳಿಯುವುದಿಲ್ಲ. ಮಾಡದಿದ್ದರೆ ತಾನು ಓದಿದವನಾಗಿ ಉಳಿದು, ವಾರಕ್ಕೆ ಐದು ಪೀರಿಯಡ್ ಚರಂಡಿ ಕಲಿಸಬೇಕು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಅವರನ್ನು ಕಂಡು ಅಯ್ಯೋ ಪಾಪ ಎಂದರು. ಡ್ರಾಯಿಂಗ್ ಮೇಷ್ಟ್ರಂತೂ ನಾನು ಯಾವ ಪುಸ್ತಕವನ್ನೂ ಓದಿಲ್ಲ, ಬೇಕಾದರೆ ನಿಮ್ಮ ಬದಲು ನಾನೇ ಸಹಿ ಹಾಕಿಕೊಡುತ್ತೇನೆ ಎಂದು ಮುಂದೆ ಬಂದರು. ಆದರೆ ನಿಯಮದಲ್ಲಿ ಅದಕ್ಕೆ ಅವಕಾಶವಿರಲಿಲ್ಲ.

ಕೊನೆಯ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಮೇಷ್ಟ್ರು ಖಾಲಿ ತರಗತಿಯಲ್ಲಿ ದರ್ಜಿಯ ಮಗಳನ್ನು ಕಂಡರು. ಅವಳು ಎರಡು ಸಾಲುಗಳ ನಡುವೆ, ಮೂರು ಪ್ರತಿ ಹಾಕಿಸಿಕೊಟ್ಟ ಒಂಟಿ ಕುರ್ಚಿಯಲ್ಲಿ ಕೂತು ಟಿಫಿನ್ ಡಬ್ಬಿ ಮುಚ್ಚುತ್ತಿದ್ದಳು. ಚರಂಡಿ ಬರುವುದಾದರೆ ಬರಲಿ, ಬರುವ ಮುಂಚೆ ಒಂದು ಸಲ, ಓದಿದ ಇನ್ನೊಬ್ಬರ ಜೊತೆ ಓದಿದವನಂತೆ ಮಾತಾಡಿಬಿಡಬೇಕು ಎಂದು ಅವರು ನಿಶ್ಚಯಿಸಿದ್ದರು. ಎದುರಿನ ಬೆಂಚಿನಲ್ಲಿ ಕೂತರು.

"ಕೊನೇಲಿ ಸಿಟ್ಟು ಬಂತು ಅಂದ್ಯಲ್ಲಮ್ಮ. ನಂಗೂ ಬಂದಿತ್ತು, ಮೊದಲನೇ ಸಲ ಓದಿದಾಗ. ಆ ಬಾಗಿಲು ತೆರೆಯೋದೇ ಇಲ್ವಲ್ಲ ಅಂತ. ಆದ್ರೆ ನೋಡು, ಅದರಲ್ಲೇ ಇರೋದು ಇಡೀ ಕಾದಂಬರಿ."

'ಗೋದಾಮಿನ ಬಾಗಿಲು ತೆರೆಯದಿರುವುದರ ಔಚಿತ್ಯವನ್ನು ವಿವರಿಸಿ' ಎಂಬುದು ಪ್ರತಿವರ್ಷ ಬರುವ ಪ್ರಶ್ನೆ. ಐದು ಅಂಕ.

ಹುಡುಗಿ ಅವರನ್ನೇ ನೋಡಿದಳು. "ತೆರೀತಾನಲ್ಲ ಸಾರ್?"

"ಯಾರು?"

"ಕಾವಲುಗಾರ. ಬಾಗಿಲು ತೆರೀತಾನೆ. ಅದಾದ್ಮೇಲೇನೇ ನಂಗೆ ಸಿಟ್ಟು ಬಂದಿದ್ದು."

"ಇಲ್ಲಮ್ಮ. ಮುನ್ನೂರ ತೊಂಬತ್ತಾರನೇ ಪುಟ. 'ಅವನು ಸ್ಟೂಲನ್ನು ಗೋಡೆಗೆ ಒರಗಿಸಿ ಕುಳಿತ.' ಮುಗೀತು."

"ಅದಾದ್ಮೇಲೆ ಹದಿನಾರು ಪುಟ ಇದೆ ಸಾರ್. ಅಂಚು ಕತ್ತರಿಸಿಲ್ಲ, ಎಲ್ಲಾ ಮಡಿಕೇಲೇ ಇದೆ. ನಾನು ಅಪ್ಪನ ಸಣ್ಣ ಕತ್ತರಿ ತಗೊಂಡು ಬಿಡಿಸ್ದೆ. ತಪ್ಪಾಯ್ತಾ ಸಾರ್? ಶಾಲೆ ಪುಸ್ತಕ ಅಂತ ಗೊತ್ತಿತ್ತು. ನೀಟಾಗೇ ಕತ್ತರಿಸಿದೀನಿ."

ಮೇಷ್ಟ್ರು ತಮ್ಮ ಪ್ರತಿಯನ್ನು ಚೀಲದಿಂದ ತೆಗೆದರು. ಮುನ್ನೂರ ತೊಂಬತ್ತಾರನೆಯ ಪುಟದ ಕೊನೆಗೆ ಮೂರು ಚುಕ್ಕಿಗಳಿದ್ದವು. ಎದುರಿನ ಪುಟ ಖಾಲಿ. ಅದರಾಚೆ ಹಾಳೆಗಳು ಅಚ್ಚಿನ ಮನೆಯವರು ಮಡಿಸಿದಂತೆಯೇ, ಅಂಚು ಕತ್ತರಿಸದೆ, ಒಂದು ದಪ್ಪ ರಟ್ಟಿನಂತೆ ಕೂತಿದ್ದವು. ಅವು ಪ್ರಕಾಶಕರ ಜಾಹೀರಾತಿರಬೇಕೆಂದು ಕೆಲಸಕ್ಕೆ ಸೇರಿದ ಮೊದಲ ವಾರ ಅವರು ಅಂದುಕೊಂಡಿದ್ದರು. ಆಮೇಲೆ ಅಂದುಕೊಳ್ಳುವ ಪ್ರಮೇಯ ಬಂದಿರಲಿಲ್ಲ. ಎದ್ದು ಹೋಗಿ ಗೋಡೆಯ ಕಪಾಟಿನಲ್ಲಿದ್ದ ಶಾಲೆಯ ಪ್ರತಿಗಳನ್ನು ಒಂದೊಂದಾಗಿ ತೆಗೆದು ನೋಡಿದರು. ಅವಳು ಕತ್ತರಿಸಿದ್ದೊಂದನ್ನು ಬಿಟ್ಟು ಎಲ್ಲವೂ ಹಾಗೇ ಇದ್ದವು. ಕೈಪಿಡಿ ಬರೆದವರ ಪ್ರತಿ, ಪ್ರಶ್ನೆಪತ್ರಿಕೆ ತೆಗೆಯುವವರ ಪ್ರತಿ, ಇಲಾಖೆಗೆ ಅಮೂಲ್ಯವೆಂದು ಪತ್ರ ಬರೆದವರ ಪ್ರತಿ, ಇವೂ ಅದೇ ಅಚ್ಚಿನವೇ ಇರಬೇಕು. ಬೇರೆ ಅಚ್ಚು ಬಂದಿರಲೇ ಇಲ್ಲ.

ಹುಡುಗಿ ಪೆನ್ಸಿಲ್ ಡಬ್ಬಿಯಿಂದ ಸಣ್ಣ ಕತ್ತರಿ ತೆಗೆದು ಬೆಂಚಿನ ಮೇಲಿಟ್ಟಳು.

"ಎರಡು ನಿಮಿಷದ ಕೆಲಸ ಸಾರ್."

ಮೇಷ್ಟ್ರು ಕತ್ತರಿಯನ್ನು ಕೈಗೆ ತೆಗೆದುಕೊಂಡರು. ಅದರ ತುದಿಯನ್ನು ಮಡಿಕೆಯೊಳಕ್ಕೆ ತೂರಿಸಿದರು ಕೂಡ. ಒಳಗೆ ಕಪ್ಪಗೆ ಕೆಲವು ಅಕ್ಷರಗಳು ಕಾಣುತ್ತಿದ್ದವು, ಯಾವ ಅಕ್ಷರವೆಂದು ಹೇಳುವಷ್ಟಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಮೂರು ಪ್ರತಿ ಕಾಣಿಸಿಕೊಂಡರು. ಅವರ ಕೈಯಲ್ಲಿ ಘೋಷಣಾ ಪತ್ರವಿತ್ತು, ಮೂರು ಪ್ರತಿಗಳಲ್ಲಿ.

"ಮೇಷ್ಟ್ರೇ, ಇಲಾಖೆ ಜೀಪು ಗೇಟಲ್ಲಿದೆ. ಏನಂತೀರಾ? ಓದಿದೀರೋ ಇಲ್ವೋ?"

ಮೇಷ್ಟ್ರು ಎಲ್ಲ ವಿಷಯಗಳಲ್ಲೂ ನಿಖರವಾದ ಮನುಷ್ಯ. ಅವರು ಕತ್ತರಿಯನ್ನು ಹೊರಗೆಳೆದು, ಮಡಚಿ, ಹುಡುಗಿಯ ಡಬ್ಬಿಯಲ್ಲಿಟ್ಟರು.

"ಇಲ್ಲ," ಎಂದರು. "ಪೂರ್ತಿಯಾಗಿ ಓದಿಲ್ಲ. ಕೊಡಿ ಇಲ್ಲಿ."

ಮೂರು ಕಡೆಯೂ ದುಂಡಾದ ಅಕ್ಷರಗಳಲ್ಲಿ ಬರೆದು ಸಹಿ ಮಾಡಿದರು. ಮೂರು ಪ್ರತಿ ಮಸಿಯ ಮೇಲೆ ಉಫ್ ಎಂದು ಊದಿ, ಓಡಿದರು.

ಹುಡುಗಿ ಪೆನ್ಸಿಲ್ ಡಬ್ಬಿಯ ಮುಚ್ಚಳ ಒತ್ತಿದಳು. "ಒಳಗೆ ಏನಿತ್ತು ಅಂತ ನಾನೇ ಹೇಳಿಬಿಡ್ಲಾ ಸಾರ್?"

"ಬೇಡಮ್ಮ," ಎಂದರು ಮೇಷ್ಟ್ರು. "ಸಹಿ ಮಾಡಿದೀನಿ."

ಹದಿನೆಂಟು ದಿನಗಳ ಬಳಿಕ ಆದೇಶ ಬಂತು. ಸದರಿ ಶಾಲೆಯಲ್ಲಿ ಕೃತಿಯ ಬಗ್ಗೆ ಇಪ್ಪತ್ತೊಂದಕ್ಕೆ ಇಪ್ಪತ್ತೊಂದರಂತೆ ಆರೋಗ್ಯಕರವಾದ ಭಿನ್ನಾಭಿಪ್ರಾಯ ಕಂಡುಬಂದಿರುವುದರಿಂದ ಕೃತಿಯು ಶ್ರೇಷ್ಠವೆಂದು ದೃಢಪಟ್ಟಿದ್ದು, ಮುಂದಿನ ಮೂವತ್ತು ವರ್ಷಗಳವರೆಗೆ ಪಠ್ಯದಲ್ಲಿ ಮುಂದುವರಿಯತಕ್ಕದ್ದು. ಸಮತೋಲನ ಕಾಪಾಡುವ ದೃಷ್ಟಿಯಿಂದ ವಿದ್ಯಾರ್ಥಿಗಳು ಕೈಪಿಡಿಯನ್ನು ಮೀರಿ ಹೋಗದಂತೆ ಎಚ್ಚರ ವಹಿಸತಕ್ಕದ್ದು. ಕತ್ತರಿ ಮುಂತಾದ ಸಲಕರಣೆಗಳನ್ನು ಹೊಲಿಗೆ ತರಗತಿಗೆ ಮಾತ್ರ ಸೀಮಿತಗೊಳಿಸತಕ್ಕದ್ದು. ಬೆಳಗಿನ ಸಭೆಯಲ್ಲಿ ದೊಡ್ಡ ಮೇಡಂ ಆದೇಶವನ್ನು ಓದಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ಮೆಚ್ಚದವರು ಇನ್ನೂ ಜೋರಾಗಿ. ಅವರಿಲ್ಲದಿದ್ದರೆ ಪುಸ್ತಕ ಉಳಿಯುತ್ತಿರಲಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಎಂದಿನಂತೆ ಬಾಗಿಲಿನ ಪ್ರಶ್ನೆ ಬಂತು. ದರ್ಜಿಯ ಮಗಳ ಉತ್ತರಪತ್ರಿಕೆಯನ್ನು ಮೇಷ್ಟ್ರು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಂಡರು. ಅವಳು ಆ ಪ್ರಶ್ನೆಗೆ ಎರಡು ಪುಟ ಬರೆದಿದ್ದಳು. ಬರೆದ ಮೇಲೆ ಆ ಎರಡು ಪುಟಗಳನ್ನು ಒಳಮುಖವಾಗಿ ಮಡಿಸಿ, ಮೂರೂ ಅಂಚುಗಳಿಗೆ ಸಣ್ಣ ಸಣ್ಣ ಹೊಲಿಗೆ ಹಾಕಿದ್ದಳು. ಹೊಲಿಗೆ ಬಹಳ ನೇರವಾಗಿತ್ತು.

ಮೇಷ್ಟ್ರು ಅದನ್ನು ಬಿಚ್ಚಲಿಲ್ಲ. ಮೇಲ್ಭಾಗದಲ್ಲಿ ಕೆಂಪು ಮಸಿಯಿಂದ ಐದಕ್ಕೆ ಐದು ಹಾಕಿದರು. ದೊಡ್ಡ ಮೇಡಂ ಪರಿಶೀಲನೆ ಮಾಡಿ, ಉತ್ತರ ಅಚ್ಚುಕಟ್ಟಾಗಿದೆ ಎಂದು ಪಕ್ಕದಲ್ಲಿ ಷರಾ ಬರೆದರು.